ಗುರುವಾರದ ಸ್ತೋತ್ರ

ಆ ಊರಿನಲ್ಲಿ ಬೈಯುವುದಕ್ಕೆ ವಾರದ ಯಾವ ದಿನ ಬೇಕಾದರೂ ಬಾಯಿ ಬಿಡಬಹುದಿತ್ತು. ಸ್ತೋತ್ರ ಎನ್ನುವುದಕ್ಕೆ ಮಾತ್ರ ಭಾನುವಾರ ಬರಬೇಕಿತ್ತು.

ಊರಿನ ಹೆಸರು ಕೇಳಬೇಡಿ. ಗುಡ್ಡದ ನೆತ್ತಿಯ ಮೇಲೊಂದು ಕಲ್ಲಿನ ದೇವಾಲಯ, ಅದರ ಮೇಲೊಂದು ಶಿಲುಬೆ, ಕೆಳಗೆ ಒಂದಕ್ಕೊಂದು ಆತುಕೊಂಡ ಮನೆಗಳು, ಸುತ್ತ ಬಿಳಿಜೋಳದ ಹೊಲ. ಅಲ್ಲಿಯ ಜನ ಕರ್ತನನ್ನು ನಂಬಿದವರು. ಅವರ ನಂಬಿಕೆಯಲ್ಲಿ ಕಪಟವಿರಲಿಲ್ಲ, ಅದನ್ನು ಹೇಳಲೇಬೇಕು. ಸಿಕ್ಕಿದ್ದಕ್ಕೆಲ್ಲ ಸ್ತೋತ್ರ, ಅಂದರೆ ಉಪಕಾರ ನೆನೆದು ವಂದನೆ, ಸಲ್ಲಿಸಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಆ ಮಾತನ್ನು ಕಂಡಕಂಡಲ್ಲಿ ಬಳಸಿದರೆ ಸವೆದುಹೋಗುತ್ತದೆ ಎಂದು ಹಿಂದಿನ ಕಾಲದ ಯಾರಿಗೋ ಅನ್ನಿಸಿತು. ಮದುವೆ ಮುಂಜಿಗೆ ಬೇಕಾಗುತ್ತದೆಂದು ಹಿತ್ತಾಳೆ ಹಂಡೆಯನ್ನು ಅಟ್ಟದ ಮೇಲೆ ಇಡುವುದಿಲ್ಲವೇ, ಹಾಗೆ ಆ ಮಾತನ್ನು ಎತ್ತಿಟ್ಟುಬಿಟ್ಟರು.

ಅಂದಿನಿಂದ ಕಟ್ಟಳೆ ಹೀಗಾಯಿತು. ಸೋಮವಾರದಿಂದ ಶನಿವಾರದವರೆಗೆ ಯಾರಿಂದ ಏನು ಒಳ್ಳೆಯದಾದರೂ ತುಟಿ ಬಿಚ್ಚುವಂತಿಲ್ಲ. ಹೆಂಗಸರು ಸೆರಗಿಗೆ, ಗಂಡಸರು ಶಲ್ಯಕ್ಕೆ ಒಂದು ಗಂಟು ಹಾಕಿಕೊಳ್ಳಬೇಕು. ಭಾನುವಾರ ಗಂಟೆ ಬಾರಿಸಿದಾಗ ಗುಡ್ಡ ಹತ್ತಬೇಕು. ದೇವಾಲಯದ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಂದೊಂದೇ ಗಂಟು ಬಿಚ್ಚುತ್ತ ಸ್ತೋತ್ರ, ಸ್ತೋತ್ರ ಎನ್ನಬೇಕು. ಬಿಚ್ಚಿ ಮುಗಿಸಿ ಗುಡ್ಡ ಇಳಿಯಬೇಕು. ಸೋಮವಾರ ಮತ್ತೆ ಗಂಟು ಹಾಕಬೇಕು, ಮತ್ತೆ ಬಾಯಿ ಮುಚ್ಚಬೇಕು.

ಶನಿವಾರದ ಹೊತ್ತಿಗೆ ಗಂಟುಗಳ ಭಾರಕ್ಕೆ ಊರಿನ ಹೆಂಗಸರೆಲ್ಲ ಎಡಕ್ಕೆ ವಾಲಿ ನಡೆಯುತ್ತಿದ್ದರು. ತಾಯಿ ನಡೆಯುವುದನ್ನು ನೋಡಿಯೇ ಮಕ್ಕಳು ಇವತ್ತು ಯಾವ ವಾರ ಎಂದು ಹೇಳುತ್ತಿದ್ದವು. ಬರೀ ಬಟ್ಟೆಯ ಗಂಟಿಗೆ ಅಷ್ಟು ಭಾರ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಗೋಡೆಯ ಮುಂದೆ ನಿಂತಾಗ ಇನ್ನೊಂದು ಪೇಚಾಟ. ಈ ಗಂಟು ಯಾವುದಕ್ಕೆ ಹಾಕಿದ್ದು? ಮಜ್ಜಿಗೆ ಕೊಟ್ಟದ್ದಕ್ಕೋ, ಅಳುವ ಮಗುವನ್ನು ಎತ್ತಿಕೊಂಡದ್ದಕ್ಕೋ? ಯಾರಿಗೂ ನೆನಪಿರುತ್ತಿರಲಿಲ್ಲ. ನೆನಪಿಲ್ಲದಿದ್ದರೂ ಸ್ತೋತ್ರ ಎನ್ನುತ್ತಿದ್ದರು. ಕರ್ತನಿಗೆ ತಿಳಿಯುತ್ತದೆ ಬಿಡು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಕರ್ತನಿಗೇನೋ ತಿಳಿಯುತ್ತಿತ್ತು. ಮಜ್ಜಿಗೆ ಕೊಟ್ಟವಳಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ವಾರದ ನಡುವೆ ಯಾರಾದರೂ ಬಾಯಿತಪ್ಪಿ ಅಂದುಬಿಟ್ಟರೆ ಎನ್ನುವಿರಾ? ಅದಕ್ಕೇ ಗಂಟೆಯವನಿದ್ದ. ಊರ ನಡುವಿನ ಕಟ್ಟೆಯ ಮೇಲೆ ಕಂಬಕ್ಕೆ ದೊಡ್ಡ ಗಂಟೆ ತೂಗುಹಾಕಿದ್ದರು. ಅವನು ಹಗ್ಗ ಹಿಡಿದು ಹಗಲೆಲ್ಲ ಅಲ್ಲೇ ಕೂತಿರುತ್ತಿದ್ದ. ಆ ಮಾತು ಎಲ್ಲಿಂದಲಾದರೂ ಹೊರಟಿತು ಎಂದರೆ ಢಣಢಣ ಬಾರಿಸಿ ಮುಳುಗಿಸಿಬಿಡುತ್ತಿದ್ದ. ಅಂದವರು ನಾಚಿ ಒಳಗೆ ಹೋಗುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿತ್ತು. ಮೊಂಡು ಹಿಡಿದವರು ಮಾತ್ರ ಆವರೆಗೆ ಊರಿನಲ್ಲಿ ಹುಟ್ಟಿರಲಿಲ್ಲ.

ಈ ಊರಿನಲ್ಲಿ ರೊಟ್ಟಿಯವಳಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ತಾನೂ ಅತ್ತೆಯೂ ಉಣ್ಣುವಷ್ಟು ತರುತ್ತಿದ್ದಳು. ಅತ್ತೆಯ ಬಾಯಿ ಬಲು ಜೋರು. ರೊಟ್ಟಿ ತೆಳ್ಳಗಾದರೆ "ನಿಮ್ಮವ್ವ ಹಪ್ಪಳಾ ಮಾಡೋದ ಕಲಿಸ್ಯಾಳೇನಬೇ?" ಎನ್ನುತ್ತಿದ್ದಳು. ದಪ್ಪಗಾದರೆ "ಇದೇನು ಕುಳ್ಳು ತಟ್ಟೀಯೇನು?" ಎನ್ನುತ್ತಿದ್ದಳು. ಸರಿಯಾಗಿದ್ದ ದಿನ ಉಪ್ಪು ಕಡಿಮೆ ಎನ್ನುತ್ತಿದ್ದಳು. ಬೈಗುಳಕ್ಕೆ ಕಟ್ಟಳೆ ಇರಲಿಲ್ಲವಲ್ಲ, ಅತ್ತೆ ಅದರ ಪೂರಾ ಲಾಭ ಪಡೆದಳು. ಆದರೂ ತಟ್ಟೆಯಲ್ಲಿ ಒಂದು ತುಣುಕನ್ನೂ ಬಿಡುತ್ತಿರಲಿಲ್ಲ. ಉಂಡೆದ್ದು ಸೊಸೆಗೆ ಬೆನ್ನು ಮಾಡಿ ಸೆರಗಿಗೆ ಏನೋ ಮಾಡಿಕೊಳ್ಳುತ್ತಿದ್ದಳು. ಗಂಟು ಹಾಕುತ್ತಿದ್ದಳೋ, ಕೈ ಒರೆಸಿಕೊಳ್ಳುತ್ತಿದ್ದಳೋ, ಸೊಸೆಗೆ ಗೊತ್ತಾಗುತ್ತಿರಲಿಲ್ಲ.

ಅತ್ತೆಗೆ ಜ್ವರ ಹತ್ತಿತು. ರೊಟ್ಟಿಯವಳು ಹಾಲಿನಲ್ಲಿ ರೊಟ್ಟಿ ನೆನೆಸಿ, ಕಿವುಚಿ, ಬಾಯಿಗಿಟ್ಟಳು. ಮೈ ಒರೆಸಿದಳು, ಹಾಸಿಗೆ ಬದಲಿಸಿದಳು, ಪಕ್ಕದಲ್ಲೇ ಮಲಗಿದಳು. ಒಂದು ಶನಿವಾರ ದೀಪ ಹಚ್ಚುವ ಹೊತ್ತಿನಲ್ಲಿ ಅತ್ತೆ ಅವಳ ಕೈ ಹಿಡಿದಳು.

"ನಿನಗೊಂದು ಮಾತು ಹೇಳೋದೈತಿ."

"ಹೇಳ್ರಿ ಅತ್ತಿ."

ಅತ್ತೆ ಬಾಯಿ ತೆರೆದಳು. ಕಿಟಕಿಯ ಆಚೆ ಕಟ್ಟೆಯ ಮೇಲೆ ಗಂಟೆಯವನು ಹಗ್ಗ ಹಿಡಿದು ಕೂತದ್ದು ಕಾಣಿಸಿತು. ತೆರೆದ ಬಾಯಿ ಮುಚ್ಚಿಕೊಂಡಿತು.

"ಇವತ್ತ ಶನಿವಾರ. ತಡಿ, ನಾಳೆ ಹೇಳತೀನಿ."

ಸೆರಗಿನ ತುದಿಗೆ ಒಂದು ಗಂಟು ಹಾಕಿ, ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡು ಮಲಗಿದಳು. ಬೆಳಗಾಯಿತು. ಭಾನುವಾರದ ಗಂಟೆ ಬಾರಿಸುವ ಮೊದಲೇ ಅತ್ತೆ ಹೋಗಿಬಿಟ್ಟಿದ್ದಳು.

ಸತ್ತವರ ಗಂಟನ್ನು ಬೇರೆಯವರು ಬಿಚ್ಚಬಾರದು ಎಂಬ ಪದ್ಧತಿ. ಸೆರಗನ್ನು ಕತ್ತರಿಸಿ ದೇವಾಲಯದ ಹಿಂದಿನ ಗುಂಡಿಗೆ ಎಸೆಯುತ್ತಿದ್ದರು. ಅಲ್ಲಿ ಎಷ್ಟು ತಲೆಮಾರಿನ ಗಂಟುಗಳು ಕೊಳೆಯುತ್ತಿದ್ದವೋ ಯಾರು ಬಲ್ಲರು. ಗಂಟೆಯವನು ಕತ್ತರಿ ಹಿಡಿದು ಬಂದ. ರೊಟ್ಟಿಯವಳು ಅತ್ತೆಯ ಮುಷ್ಟಿಯನ್ನು ಬಿಡಿಸಿ ಆ ಗಂಟನ್ನು ತನ್ನ ಕೈಗೆ ತೆಗೆದುಕೊಂಡಳು.

"ಬಿಚ್ಚಬ್ಯಾಡವ್ವಾ. ಪಾಪ ಸುತ್ತಕೊಳ್ಳತೈತಿ," ಎಂದ ಗಂಟೆಯವನು.

"ಇದು ನನಗ ಬರಬೇಕಾದದ್ದು," ಎಂದು ಅವಳು ಬಿಚ್ಚಿದಳು.

ಒಳಗೆ ಏನೂ ಇರಲಿಲ್ಲ. ಸುಕ್ಕು ಬಿದ್ದ ಬಟ್ಟೆ, ಬೆವರಿನ ವಾಸನೆ, ಅಷ್ಟೇ. ಅತ್ತೆ ಹೇಳಬೇಕೆಂದಿದ್ದ ಮಾತು ಏನಿತ್ತೋ ಅದು ಅತ್ತೆಯ ಜೊತೆಗೇ ಹೋಗಿತ್ತು. ಅದು ಇನ್ನೊಂದು ಬೈಗುಳವೇ ಆಗಿರಬಾರದೇಕೆ ಎಂದು ಒಂದು ಗಳಿಗೆ ಅನ್ನಿಸಿತು. ಬೈಗುಳವಾಗಿದ್ದರೆ ನಾಳೆಯವರೆಗೆ ಕಾಯುವ ಮುದುಕಿಯಲ್ಲ ಅವಳು. ಇದು ಹೊಳೆದಾಗ ರೊಟ್ಟಿಯವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇಡೀ ಬಾಳಿನಲ್ಲಿ ಒಂದು ಒಳ್ಳೆಯ ಮಾತು ಅವಳ ಕಿವಿಯ ಹತ್ತಿರ ಬಂದು ತಿರುಗಿ ಹೋಗಿತ್ತು. ಅದನ್ನು ತಿರುಗಿಸಿದ್ದು ಸಾವಲ್ಲ, ಶನಿವಾರ.

ಮಣ್ಣು ಮಾಡಿ ಬಂದ ಮರುದಿನ ಅವಳು ತನ್ನ ಸೆರಗಿನ ಗಂಟುಗಳನ್ನೆಲ್ಲ ಮನೆಯಲ್ಲೇ ಬಿಚ್ಚಿದಳು. ಸೆರಗನ್ನು ಝಾಡಿಸಿ ಸೊಂಟಕ್ಕೆ ಸಿಕ್ಕಿಸಿ ಬಾವಿಗೆ ಹೋದಳು. ನೀರು ಸೇದುವವಳು ಎಂದಿನಂತೆ ಕೊಡ ಎತ್ತಿ ಅವಳ ತಲೆಯ ಮೇಲಿಟ್ಟಳು.

"ಕರ್ತನಿಗೆ ಸ್ತೋತ್ರ," ಎಂದಳು ರೊಟ್ಟಿಯವಳು. "ನಿನ್ನ ಕೈ ತಣ್ಣಗಿರಲಿ ಅಕ್ಕಾ."

ನೀರಿನವಳ ಕೈಯಿಂದ ಹಗ್ಗ ಜಾರಿ ಸೇದುವ ಕೊಡ ಬಾವಿಗೆ ಬಿತ್ತು. "ಹುಚ್ಚಿ! ಇವತ್ತ ಸೋಮವಾರ ಅಲ್ಲೇನು? ಗಂಟ ಹಾಕು, ಗಂಟ ಹಾಕು!" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಕಟ್ಟೆಯ ಮೇಲೆ ಗಂಟೆ ಢಣಢಣ ಎಂದಿತು.

ರೊಟ್ಟಿಯವಳು ನಾಚಿ ಒಳಗೆ ಹೋಗಲಿಲ್ಲ. ಗಂಟೆ ನಿಲ್ಲುವವರೆಗೆ ಕಾದು ಇನ್ನೊಮ್ಮೆ ಅಂದಳು. ಮನೆಗೆ ಬಂದು ಒಲೆ ಹೊತ್ತಿಕೊಂಡಾಗ ಅಂದಳು, ರೊಟ್ಟಿ ಉಬ್ಬಿದಾಗ ಅಂದಳು. ಎದುರು ಮನೆಯ ಮುದುಕ ಅವಳ ಆಡನ್ನು ಹೊಲದಿಂದ ಹೊಡೆದುಕೊಂಡು ಬಂದು ಕಟ್ಟಿದಾಗ ಅವನ ಮುಖ ನೋಡಿ ಅಂದಳು. ಮುದುಕ ಹೆದರಿ ಓಡಿಹೋದ. ಅಂದಾಗಲೆಲ್ಲ ಗಂಟೆ ಹೊಡೆಯಿತು. ಮಂಗಳವಾರವೂ ಹೊಡೆಯಿತು, ಬುಧವಾರವೂ ಹೊಡೆಯಿತು. ಊರಿನ ಹಸುಗಳು ಹಾಲು ಕೊಡುವುದನ್ನು ಬಿಟ್ಟವು. ಗಂಟೆಯವನ ಅಂಗೈಯಲ್ಲಿ ಬೊಕ್ಕೆ ಎದ್ದಿತು.

ಆಗ ಹಿರಿಯ ಬಂದ. ಊರಿನ ಕಟ್ಟಳೆ ಕಾಯುವವನು ಅವನು. ಕೆಟ್ಟವನಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೆಮ್ಮಿ, ಒಳಗೆ ಬಂದು ಕೂತ. ಅವನ ಶಲ್ಯದ ಎರಡೂ ತುದಿಯಲ್ಲಿ ಗಂಟುಗಳು ಜೋಲುತ್ತಿದ್ದವು.

"ನೋಡವ್ವಾ, ನಾ ಏನು ನಿನ್ನ ವೈರಿ ಅಲ್ಲ. ದೊಡ್ಡ ಮಾತದು. ಹಗಲಿಲ್ಲ ಇರುಳಿಲ್ಲ ಅದನ್ನ ಮೆಟ್ಟಿಕೊಂಡು ತಿರುಗಿದ್ರ ಚಪ್ಪಲಿ ಸವದಂಗ ಸವೀತೈತಿ. ಭಾನುವಾರ ಅನ್ನಾಕ ಏನ ಉಳೀತೈತಿ ಹೇಳು?"

"ನನ್ನ ಹಂಚು ದಿನಾ ಒಲಿ ಮ್ಯಾಲ ಇರತೈತ್ರಿ," ಎಂದಳು ರೊಟ್ಟಿಯವಳು. "ಅದಕ್ಕ ರೊಟ್ಟಿ ಅಂಟೂದಿಲ್ಲ. ಅತ್ತಿ ಒಂದು ಹಂಚು ಅಟ್ಟದ ಮ್ಯಾಲ ಎತ್ತಿಟ್ಟಿದ್ರು, ಹಬ್ಬಕ್ಕ ಬೇಕಂತ. ಇಳಿಸಿ ನೋಡಿದೆ. ತುಕ್ಕು ಹಿಡದು ತೂತು ಬಿದ್ದೈತಿ."

ಹಿರಿಯನಿಗೆ ಆ ಮಾತು ಹಿಡಿಸಲಿಲ್ಲ. ಎದ್ದು ನಿಂತ. "ನಾಳೆ ಗುರುವಾರ. ಮಂದಿ ಮುಂದ ಒಂದ ಒಂದು ಗಂಟು ಹಾಕಿಬಿಡು. ಎಲ್ಲಾ ಮರೀತೀವಿ. ಇಲ್ಲಂದ್ರ ಬಾಗಿಲಾ ಮುಚ್ಚತೀವಿ."

ಬಾಗಿಲು ಮುಚ್ಚುವುದು ಎಂದರೆ ಕದ ಹಾಕುವುದಲ್ಲ. ಪ್ರತಿ ಮನೆಯವರೂ ಒಂದೊಂದು ಕಲ್ಲು ತಂದು ತಪ್ಪು ಮಾಡಿದವರ ಬಾಗಿಲಿಗೆ ಗೋಡೆ ಕಟ್ಟುವುದು. ಹೊರಗುಳಿದ ಆ ಮನೆಯವರು ಕೈಗೆ ಸಿಕ್ಕಷ್ಟು ತೆಗೆದುಕೊಂಡು ಊರು ಬಿಡಬೇಕು. ಅಜ್ಜ ಹೇಳಿದ ಕಥೆಯಲ್ಲಿ ಬಿಟ್ಟರೆ ಅದನ್ನು ಕಣ್ಣಾರೆ ಕಂಡವರಿರಲಿಲ್ಲ. ರೊಟ್ಟಿಯವಳು ಒಲೆಯ ಮುಂದೆ ಕೂತು ಯೋಚಿಸಿದಳು. ಈ ಒಲೆ ಹೋಗುತ್ತದೆ. ಗಂಡ ಕಟ್ಟಿದ ಈ ಗೂಡು ಹೋಗುತ್ತದೆ. ಗುಡ್ಡದ ಬದಿಯಲ್ಲಿ ಗಂಡನ ಪಕ್ಕ ಅತ್ತೆ, ಅತ್ತೆಯ ಪಕ್ಕ ತನಗೆಂದು ಬಿಟ್ಟ ಜಾಗವೂ ಹೋಗುತ್ತದೆ. ಒಂದು ಗಂಟು ಹಾಕಿದರೆ ಎಲ್ಲ ಉಳಿಯುತ್ತದೆ. ಬೆರಳು ತಾನಾಗಿ ಸೆರಗಿನ ತುದಿಗೆ ಹೋಯಿತು. ಅವಳಿಗೆ ಹೆದರಿಕೆಯಾಗಿತ್ತು, ನಿಜವಾಗಿ ಹೆದರಿಕೆಯಾಗಿತ್ತು. ಆದರೆ ಆ ತುದಿಯನ್ನು ಹಿಡಿದಾಗ ಅತ್ತೆಯ ಮುಷ್ಟಿಯೇ ಕಣ್ಣಿಗೆ ಬಂತು. ಕೈ ಬಿಟ್ಟಳು.

ಗುರುವಾರ ಮಧ್ಯಾಹ್ನ ಇಳಿದ ಮೇಲೆ ಊರಿಗೆ ಊರೇ ಕಲ್ಲು ಹೊತ್ತು ಬಂತು. ವಾರದ ನಡುವಾದರೂ ಎಲ್ಲರೂ ಎಡಕ್ಕೆ ವಾಲಿಯೇ ನಡೆಯುತ್ತಿದ್ದರು. ರೊಟ್ಟಿಯವಳು ಹಂಚು, ಹಿಟ್ಟಿನ ಮಡಕೆ, ರೊಟ್ಟಿ ಬಡಿಯುವ ಹಲಗೆ ಇಷ್ಟನ್ನು ಹೊರಗಿಟ್ಟುಕೊಂಡು ಹೊಸ್ತಿಲ ಪಕ್ಕ ನಿಂತಿದ್ದಳು.

"ಗಂಟ ಹಾಕತೀ?" ಎಂದು ಕೇಳಿದ ಹಿರಿಯ.

ಅವಳು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಒಂದು ಸುಕ್ಕೂ ಇಲ್ಲದ ಸೆರಗು.

"ಹಿರಿಯರ, ಒಂದು ಕೇಳತೀನಿ. ಕರ್ತ ಕಡೀ ಊಟದಾಗ ರೊಟ್ಟಿ ಕೈಯಾಗ ಹಿಡದು ಸ್ತೋತ್ರ ಅಂದನಲ್ಲ, ಅವತ್ತ ಯಾವ ವಾರ?"

ಹಿರಿಯ ಶಲ್ಯದ ಗಂಟೊಂದನ್ನು ಬೆರಳಲ್ಲಿ ತಿರುವಿದ. ಆ ಊಟದ ಮರುದಿನವೇ ಶುಭ ಶುಕ್ರವಾರ ಎಂಬುದು ಕೂಸುಗಳಿಗೂ ಗೊತ್ತಿರುವ ಸಂಗತಿ.

"ಹೇಳ್ರಲಾ! ಇವತ್ತಿನ ವಾರನ. ಅವನನ್ನ ಹಿಡದು ಕೊಡಾವ ಅದ ಪಂಕ್ತಿಯಾಗ ಉಣ್ಣಾಕ ಕುಂತಿದ್ದ. ಗೊತ್ತಿದ್ದೂ ಅಂದ. ಗ್ವಾಡಿಗೆ ಮಾರಿ ಮಾಡಿ ಅನ್ನಲಿಲ್ಲ, ಉಣ್ಣಾವರ ನಡುವ ಕುಂತು ಅಂದ. ಅವನ ಬಾಯಿಗೆ ಗಂಟೆ ಹೊಡೀತೀರೇನು?"

"ಕಲ್ಲು ಇಡ್ರಿ," ಎಂದ ಹಿರಿಯ. ದನಿ ಸಣ್ಣಗಾಗಿತ್ತು.

ಮೊದಲು ಬಂದವಳು ನೀರಿನವಳು. ಕಲ್ಲನ್ನು ಎದೆಗವಚಿಕೊಂಡು ತಲೆ ತಗ್ಗಿಸಿ ಬಂದಳು. ರೊಟ್ಟಿಯವಳು ಅವಳ ಗದ್ದ ಹಿಡಿದು ಮುಖ ಎತ್ತಿದಳು.

"ಬಾ ಅಕ್ಕಾ. ನನ್ನ ಗಂಡ ಸತ್ತ ದಿನ ಕರೀದನ ಬಂದು ಹಂಡೆ ತುಂಬಿಸಿ ಹೋಗಿದ್ದಿ. ಅವತ್ತ ಏನೂ ಅನ್ನಲಿಲ್ಲ. ಇವತ್ತ ಅಂತೀನಿ. ಸ್ತೋತ್ರ."

ಗಂಟೆ ಹೊಡೆಯಿತು. ನೀರಿನವಳು ಅಳುತ್ತಲೇ ಕಲ್ಲನ್ನು ಹೊಸ್ತಿಲ ಮೇಲೆ ಇಟ್ಟಳು. ಇಡಲೇಬೇಕಲ್ಲ, ಅವಳಿಗೂ ಮನೆಯಿತ್ತು, ಬಾಗಿಲಿತ್ತು.

ಎದುರು ಮನೆಯ ಮುದುಕ ಬಂದ. "ಆಡು ಕಟ್ಟಿದ್ದಕ್ಕ ಸ್ತೋತ್ರ ಅಜ್ಜಾ. ಅವತ್ತ ಹೆದರಿ ಓಡಿದ್ರಿ, ಪೂರಾ ಕೇಳಿಸಿಕೊಳ್ಳಲಿಲ್ಲ." ಗಂಟೆ ಹೊಡೆಯಿತು. ಮುದುಕ ಕಲ್ಲಿಟ್ಟ. ನೇಕಾರನ ಹೆಂಡತಿ ಬಂದಳು. "ಹರದ ಸೀರಿಗೆ ತ್ಯಾಪಿ ಹಾಕಿಕೊಟ್ಟಿದ್ದಿ. ಅದನ್ನ ಉಟ್ಟೇನಿ ನೋಡು. ಸ್ತೋತ್ರ." ಗಂಟೆ ಹೊಡೆಯಿತು. ಕಲ್ಲು ಬಿತ್ತು. ಒಬ್ಬೊಬ್ಬರಾಗಿ ಬಂದರು. ಒಬ್ಬೊಬ್ಬರ ಮುಖ ನೋಡಿ ಅವರು ಮರೆತೇಬಿಟ್ಟಿದ್ದ ಒಂದೊಂದು ಉಪಕಾರವನ್ನು ಅವಳು ಎತ್ತಿ ಎತ್ತಿ ಹೇಳಿದಳು. ಗೋಡೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಆಮೇಲೆ ಸೂಲಗಿತ್ತಿ ಬಂದಳು.

"ನನ್ನ ಕೂಸು ಉಳೀಲಿಲ್ಲ," ಎಂದಳು ರೊಟ್ಟಿಯವಳು. "ಆದ್ರ ನೀ ಅದಕ್ಕ ಬಿಸಿನೀರಿನ ಸ್ನಾನ ಮಾಡಿಸಿ, ಬೆಚ್ಚಗ ಸುತ್ತಿ, ಒಂದು ಗಳಿಗಿ ನನ್ನ ತೊಡಿ ಮ್ಯಾಲ ಇಟ್ಟಿ. ಯಾರು ಹಂಗ ಮಾಡತಾರ? ಸ್ತೋತ್ರ ಯವ್ವಾ."

ಸೂಲಗಿತ್ತಿ ಊರಿನ ಎಲ್ಲರನ್ನೂ ಭೂಮಿಗಿಳಿಸಿದವಳು. ಅವಳ ಕೈಗೆ ಸ್ತೋತ್ರ ಅಂದವರು ಅದುವರೆಗೆ ಒಬ್ಬರೂ ಇರಲಿಲ್ಲ. ಎಲ್ಲರೂ ಗೋಡೆಗೆ ಹೇಳಿಬಂದಿದ್ದರು. ಅವಳು ಕಲ್ಲನ್ನು ಗೋಡೆಯ ಮೇಲಿಡಲಿಲ್ಲ. ಬೀದಿಯಲ್ಲಿಟ್ಟು ಅದರ ಮೇಲೆ ಧೊಪ್ಪನೆ ಕೂತುಬಿಟ್ಟಳು. "ನಾ ಒಲ್ಲೆ," ಎಂದಳು. ಅವಳ ಹಿಂದೆ ಬಂದವರಲ್ಲಿ ಕೆಲವರು ಕಲ್ಲನ್ನು ಕಾಲ ಬುಡದಲ್ಲಿ ಇಳಿಸಿ ಎತ್ತಲೋ ನೋಡುತ್ತ ನಿಂತರು.

ಹಿರಿಯನೇ ಮುಂದೆ ಬಂದು ಆ ಕಲ್ಲುಗಳನ್ನು ಎತ್ತೆತ್ತಿ ಗೋಡೆಗಿಟ್ಟ. ಬೆವರಿದ, ಏದುಸಿರು ಬಿಟ್ಟ. ಕೊನೆಯ ಸಂದು ಉಳಿಯಿತು.

"ಅತ್ತಿ ಕುಣಿ ತೋಡುವಾಗ ಮಣ್ಣು ಗಟ್ಟಿ ಇತ್ತು," ಎಂದಳು ರೊಟ್ಟಿಯವಳು. "ಹುಡುಗರೆಲ್ಲ ದಣದು ಕುಂತ್ರು. ನೀವ ಈ ವಯಸ್ಸಿನಾಗ ಗುದ್ದಲಿ ಹಿಡದ್ರಿ. ನಾ ನೋಡೀನಿ. ಸ್ತೋತ್ರ ಹಿರಿಯರ."

ಹಿರಿಯ ಕೊನೆಯ ಕಲ್ಲನ್ನು ಬಲಗೈಗೆ ತೆಗೆದುಕೊಂಡ. ಏನೋ ಹೇಳುವವನಂತೆ ಬಾಯಿ ತೆರೆದ. ಅಭ್ಯಾಸಬಲದಿಂದ ಎಡಗೈ ಶಲ್ಯಕ್ಕೆ ಹೋಗಿ ಗಂಟೊಂದನ್ನು ಹಾಕಿತು. ಬಲಗೈ ಕಲ್ಲನ್ನು ಸಂದಿಗೆ ತುರುಕಿತು. ಬಾಗಿಲು ಮುಚ್ಚಿತು.

"ನಡಿ ಇನ್ನ," ಎಂದ.

"ಬಾಗಿಲಾ ಮುಚ್ಚೀರಿ. ಒಲಿ ಮುಚ್ಚೋ ಕಟ್ಟಳಿ ಐತೇನು?"

ಹಿರಿಯ ನೆನಪು ಮಾಡಿಕೊಂಡ. ಅಂಥ ಕಟ್ಟಳೆ ಇರಲಿಲ್ಲ. ಒಲೆ ಒಳಗೇ ಇರುತ್ತದೆ ಎಂದು ಹಿಂದಿನವರು ನಂಬಿದ್ದರು.

ರೊಟ್ಟಿಯವಳು ಬೀದಿಯಲ್ಲಿ ಉಳಿದಿದ್ದ ಎರಡು ಕಲ್ಲನ್ನು ಜೋಡಿಸಿದಳು. ಮೂರನೆಯದಕ್ಕೆ ಸೂಲಗಿತ್ತಿಯ ಕಡೆ ನೋಡಿದಳು. ಮುದುಕಿ ಎದ್ದು ತಾನು ಕೂತಿದ್ದ ಕಲ್ಲನ್ನು ಉರುಳಿಸಿಕೊಟ್ಟಳು, ಮನೆಗೆ ಹೋಗಿ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ತಂದಳು. ಮುಚ್ಚಿದ ಬಾಗಿಲ ಮುಂದೆ, ನಡುಬೀದಿಯಲ್ಲಿ, ಒಲೆ ಹೊತ್ತಿತು. ರೊಟ್ಟಿಯವಳು ಹಿಟ್ಟು ನಾದಿದಳು. ಪಟಪಟ ಬಡಿದಳು. ಹಂಚಿನ ಮೇಲೆ ಹಾಕಿ ನೀರು ಸವರಿದಳು. ರೊಟ್ಟಿ ಉಬ್ಬಿತು.

ಬಿಸಿ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಸ್ತೋತ್ರ ಎಂದಳು. ಮುರಿದಳು. ಕೊಟ್ಟಳು. ಕಲ್ಲು ಇಟ್ಟವರಿಗೂ ಕೊಟ್ಟಳು, ಇಡದವರಿಗೂ ಕೊಟ್ಟಳು.

"ಹೊಡಿ!" ಎಂದು ಕೂಗಿದ ಹಿರಿಯ. "ನಿಲ್ಲಿಸಬ್ಯಾಡ, ಹೊಡಿ!"

ಗಂಟೆಯವನು ಹೊಡೆದ. ಇಂಥ ಗಂಟೆ ಆ ಊರು ಎಂದೂ ಕೇಳಿರಲಿಲ್ಲ. ಗೋಡೆಗಳು ಅದುರಿದವು, ಮಾಳಿಗೆಯ ಮಣ್ಣು ಉದುರಿತು. ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಅದೇ ಕೆಟ್ಟಿತು ನೋಡಿ. ಹೇಗೂ ಕೇಳುವುದಿಲ್ಲವಲ್ಲ ಎಂದು ನೀರಿನವಳು ನೇಕಾರನ ಹೆಂಡತಿಯ ಕಿವಿಗೆ ಬಾಯಿಟ್ಟು ಏನೋ ಅಂದಳು. ನೇಕಾರನ ಹೆಂಡತಿ ಅವಳನ್ನು ತಬ್ಬಿಕೊಂಡು ಬಿಕ್ಕಿದಳು. ಗಂಡ ಹೆಂಡತಿಯ ಕಿವಿಗೆ ಅಂದ. ಅಣ್ಣ ಮಾತುಬಿಟ್ಟ ತಮ್ಮನ ಕಿವಿಗೆ ಅಂದ. ಗಂಟೆಯ ಗದ್ದಲದ ಮರೆಯಲ್ಲಿ ಊರಿಗೆ ಊರೇ ಕಿವಿಯಿಂದ ಕಿವಿಗೆ ಬಾಯಿಟ್ಟಿತು. ಗಂಟುಗಳು ತಾವಾಗಿ ಸಡಿಲಾದವು. ಎಡಕ್ಕೆ ವಾಲಿದ್ದ ಹೆಂಗಸರು ನೆಟ್ಟಗಾದರು. ಹಿರಿಯ ಎಲ್ಲರ ತುಟಿಗಳನ್ನೂ ನೋಡುತ್ತ, ಒಂದು ಮಾತನ್ನೂ ಹಿಡಿಯಲಾರದೆ, ಬೀದಿಯಲ್ಲಿ ಅತ್ತಿಂದಿತ್ತ ಓಡಾಡಿದ.

ಕಟ್ಟೆಯ ಮೇಲೆ ಗಂಟೆಯವನೊಬ್ಬನೇ ಉಳಿದ. ಅವನ ಕಿವಿಗೆ ಬಾಯಿಡುವವರು ಯಾರೂ ಇರಲಿಲ್ಲ. ಬೊಕ್ಕೆ ಒಡೆದು ಹಗ್ಗವೆಲ್ಲ ರಕ್ತವಾಗಿತ್ತು. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ, ಅದೂ ಯಾರಿಗೂ ಹೊಳೆದಿರಲಿಲ್ಲ. ರೊಟ್ಟಿಯವಳು ಹಂಚಿನಿಂದ ಇಳಿಸಿದ ಇಡೀ ರೊಟ್ಟಿಯೊಂದನ್ನು, ಮುರಿಯದೆ, ಎರಡೂ ಕೈಯಲ್ಲಿ ಹಿಡಿದು ಕಟ್ಟೆ ಹತ್ತಿದಳು. ಅವನ ಮುಂದೆ ನಿಂತಳು. ಅವನು ಬಾರಿಸುತ್ತಲೇ ಇದ್ದ. ಅವಳು ನಿಂತೇ ಇದ್ದಳು. ರೊಟ್ಟಿಯ ಹಬೆ ಅವನ ಮುಖಕ್ಕೆ ಬಡಿಯುತ್ತಿತ್ತು. ಬಿಸಿ ರೊಟ್ಟಿಯನ್ನು ಒಂದು ಕೈಯಲ್ಲಿ ಹಿಡಿಯಲಾಗುವುದಿಲ್ಲ, ತೆಗೆದುಕೊಳ್ಳಬೇಕೆಂದರೆ ಹಗ್ಗ ಬಿಡಬೇಕು.

"ತಗೋ," ಎಂದಳು. "ಕೈ ನೋಯತಿರಬೇಕು."

ಅವನು ಹಗ್ಗ ಬಿಟ್ಟ. ಗಂಟೆ ತೂಗಿ ತೂಗಿ ಸುಮ್ಮನಾಯಿತು. ಅವನು ಎರಡೂ ಅಂಗೈ ಚಾಚಿ ರೊಟ್ಟಿ ತೆಗೆದುಕೊಂಡ, ಒಂದು ತುತ್ತು ಬಾಯಿಗಿಟ್ಟುಕೊಂಡ, ಅಗಿದ, ಅವಳ ಮುಖ ನೋಡಿದ.

"ಸ್ತೋತ್ರ ಯವ್ವಾ," ಎಂದ.

ಅದು ಊರಿನ ಕಟ್ಟಕಡೆಯ ಮನೆಯವರೆಗೂ ಕೇಳಿಸಿತು. ಅದನ್ನು ಮುಳುಗಿಸಲು ಗಂಟೆ ಬಾರಿಸುವವರು ಬೇರೆ ಯಾರೂ ಇರಲಿಲ್ಲ.